ಐದೇ ಐದು ವಾಕ್ಯದ ಒಂದು ಪತ್ರ

ಇತಿಹಾಸ ಅಂದ ತಕ್ಷಣ ನಮಗೆ ನೆನಪಾಗೋದು ರಾಜರು, ಯುದ್ಧಗಳು, ಶಾಸನಗಳು. ಆದರೆ ಐದೇ ವಾಕ್ಯದ ಒಂದು ಪತ್ರಕ್ಕೂ ದೊಡ್ಡ ಇತಿಹಾಸ ಇದೆ ನೋಡಿ.

1980ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಬರೆದ ಪುಟ್ಟ ಪತ್ರವೊಂದು ಬಂತು. ಆಸ್ಪತ್ರೆಯಲ್ಲಿ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವಿನ ಔಷಧಿ ಪಡೆದ 11,882 ರೋಗಿಗಳಲ್ಲಿ ಹೊಸದಾಗಿ ಚಟ ಹತ್ತಿದ್ದು ನಾಲ್ಕೇ ಜನಕ್ಕೆ ಅನ್ನೋದು ಅದರ ಸಾರಾಂಶ. ಅವರೆಲ್ಲ ಒಳರೋಗಿಗಳು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಬಗ್ಗೆ ಪತ್ರದಲ್ಲಿ ಚಕಾರವಿಲ್ಲ.

ಆಮೇಲೆ ಆದದ್ದು ನಮ್ಮ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಗೊತ್ತಿರುವ ಕಾಪಿ-ಪೇಸ್ಟ್! ಷರತ್ತನ್ನು ಬಿಟ್ಟು ತೀರ್ಮಾನವನ್ನಷ್ಟೇ ಎತ್ತಿಕೊಂಡರು. 2017ರಲ್ಲಿ ಅದೇ ಜರ್ನಲ್‌ನಲ್ಲಿ ಬಂದ ಲೆಕ್ಕದ ಪ್ರಕಾರ, ಪತ್ರವನ್ನು ಉಲ್ಲೇಖಿಸಿದ 608 ಬರಹಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು 'ಒಳರೋಗಿಗಳು' ಎಂಬ ಮಾತನ್ನೇ ಎತ್ತಿರಲಿಲ್ಲ. 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆ ಅಂಗಡಿಗೆ ಬಂತು. ಚಟದ ಅಪಾಯ ಶೇಕಡಾ ಒಂದಕ್ಕಿಂತ ಕಡಿಮೆ ಅಂತ ಪರ್ಡ್ಯೂ ಕಂಪನಿಯವರು ವೈದ್ಯರಿಗೆ ಹೇಳುತ್ತಾ ಹೋದರು. ಸುಳ್ಳು ಹೇಳಿ ಮಾರಿದ್ದನ್ನು 2007ರಲ್ಲಿ ಪರ್ಡ್ಯೂ ಫ್ರೆಡರಿಕ್ ಕಂಪನಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಮಾತ್ರೆ ಮನೆಮನೆಯ ಔಷಧಿ ಡಬ್ಬಿ ಸೇರಿಯಾಗಿತ್ತು.

ಆ ಡಬ್ಬಿಗೆ ಹತ್ತಿರ ಇದ್ದವರು ಹುಡುಗರು. ಹದಿನೆಂಟು-ಇಪ್ಪತ್ತರಲ್ಲಿ ಬುದ್ಧಿಹಲ್ಲು ಕೀಳಿಸಿದರೆ ಒಂದು ಚೀಟಿ, ಆಟದಲ್ಲಿ ಭುಜ ಜಾರಿದರೆ ಇನ್ನೊಂದು ಚೀಟಿ. ಐಸ್ ಹಾಕಿಯ ಡೆರೆಕ್ ಬೂಗಾರ್ಡ್ ಆರಡಿ ಏಳಂಗುಲದ ಆಳು. ಗಾಯ, ಆಪರೇಷನ್, ಮತ್ತೆ ಮಾತ್ರೆ... 2011ರ ಮೇ ತಿಂಗಳಲ್ಲಿ ಮದ್ಯ ಮತ್ತು ಆಕ್ಸಿಕೊಡೋನ್ ಸೇರಿ ಪ್ರಾಣ ಹೋದಾಗ ಅವನಿಗೆ ಬರೀ 28 ವರ್ಷ.

ಆಟಗಾರನಿಗೆ ನೋವು ಅನ್ನೋದು ಎರರ್ ಮೆಸೇಜ್ ಇದ್ದ ಹಾಗೆ. ಮೆಸೇಜನ್ನು ಅಳಿಸಿದರೆ ಬಗ್ ಹೋಗುತ್ತದೆಯೇ? ಮುಂದಿನ ಮ್ಯಾಚ್ ಆಡಬಹುದು, ಮೊಣಕಾಲು ಮಾತ್ರ ಒಳಗೊಳಗೇ ಹಾಳಾಗುತ್ತಿರುತ್ತದೆ. ಮೊದಲಿನಷ್ಟೇ ಮಾತ್ರೆ ಬರಬರುತ್ತಾ ಸಾಲದಾಗುತ್ತದೆ. ಡೋಸ್ ಹೆಚ್ಚಾದರೆ ಉಸಿರೇ ನಿಲ್ಲುತ್ತದೆ.

ಪಾಠ ಕಲಿತದ್ದು ತಡವಾಗಿ. ಹಲ್ಲು ಕಿತ್ತ ನೋವಿಗೆ ಐಬುಪ್ರೊಫೆನ್, ಪ್ಯಾರಸಿಟಮಾಲ್ ಜೊತೆಯಾಗಿ ಓಪಿಯಾಯ್ಡ್‌ನಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಅಂತ 2018ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲೇ ಬಂತು. ನಿಂತ ಉಸಿರನ್ನು ಮರಳಿಸಬಲ್ಲ ನಲೋಕ್ಸೋನ್ ಸ್ಪ್ರೇಯನ್ನು ಚೀಟಿಯಿಲ್ಲದೆ ಮಾರಲು ಅಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಜನವರಿಯಿಂದ ಸ್ಪರ್ಧೆಯ ವೇಳೆ ಟ್ರಮಡಾಲ್ ಸೇವನೆಯನ್ನು ವಾಡಾ ನಿಷೇಧಿಸಿತು.

ಅಮೆರಿಕದಲ್ಲಿ ಮಕ್ಕಳನ್ನು ಸಾಕರ್, ಬ್ಯಾಸ್ಕೆಟ್‌ಬಾಲ್‌ಗೆ ಕಳಿಸುವ ಕನ್ನಡಿಗ ಗೆಳೆಯರೇ, ಡಾಕ್ಟರನ್ನು ಮೂರೇ ಪ್ರಶ್ನೆ ಕೇಳಿ: ಇದು ಓಪಿಯಾಯ್ಡಾ? ಬೇರೆ ಔಷಧಿ ಸಾಲದಾ? ಎಷ್ಟು ದಿನ? ಮಾತ್ರೆ ಉಳಿದರೆ ಡಬ್ಬಿಯಲ್ಲಿ ಇಟ್ಟುಕೊಳ್ಳದೆ ಔಷಧಿ ಅಂಗಡಿಯ ವಾಪಸಾತಿ ಪೆಟ್ಟಿಗೆಗೆ ಹಾಕಿ.

ಆ ಐದು ವಾಕ್ಯಗಳಲ್ಲಿ ಸುಳ್ಳೇನೂ ಇರಲಿಲ್ಲ. ಎತ್ತಿಕೊಂಡವರು ಪೂರ್ತಿ ಓದಿ ಹೇಳಬೇಕಿತ್ತು, ಅಷ್ಟೇ.