ದೂರದ ಯಂತ್ರಕ್ಕೆ ಮುದ್ರೆಯುಂಗುರ

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿರುವ ಕೊಯಿಲ ಗ್ರಾಮದ ಹೆಸರನ್ನು ವಾಚಕರಲ್ಲಿ ಹಲವರು ಅಲ್ಲಿಯ ಪಶುಸಂಗೋಪನಾ ಕ್ಷೇತ್ರದ ಕಾರಣದಿಂದ ಕೇಳಿರಬಹುದು. 2020ನೆಯ ಇಸವಿಯಲ್ಲಿ ಕೊರೋನಾ ಹಾವಳಿಯಿಂದ ನಗರಗಳ ಕಚೇರಿಗಳು ಮುಚ್ಚಿದಾಗ, ಬೆಂಗಳೂರಿನಲ್ಲಿದ್ದ ಈ ಸೀಮೆಯ ತರುಣರನೇಕರು ಊರಿಗೆ ಮರಳಿದರು. ಅಡಿಕೆ ತೋಟದ ನಡುವಣ ಮನೆಯ ಚಾವಡಿಯಲ್ಲಿ ಕುಳಿತು, ಸಿಗ್ನಲ್ ಸಿಕ್ಕದಿದ್ದರೆ ಗುಡ್ಡವೇರಿ, ದೂರದೂರಿನ ಗಣಕಯಂತ್ರಗಳಿಂದ ಕೆಲಸ ಮಾಡಿಸಿದರು. ಅಷ್ಟು ದೂರದ ಯಂತ್ರವು ಇಲ್ಲಿಯವನ ಮಾತನ್ನು ಕೇಳುವುದೆಂತು ಎಂಬುದು ಯಾರಿಗೂ ತೋರುವ ಪ್ರಶ್ನೆ. ಅದಕ್ಕಿಂತ ಗಹನವಾದುದು ಇನ್ನೊಂದಿದೆ. ಮಾತನಾಡುತ್ತಿರುವವನು ಇವನೇ ಎಂದು ಯಂತ್ರಕ್ಕೂ, ಉತ್ತರ ಕೊಡುತ್ತಿರುವುದು ಅದೇ ಯಂತ್ರವೆಂದು ಇವನಿಗೂ ನಂಬಿಕೆ ಬರುವುದು ಹೇಗೆ? ಇದಕ್ಕೆ ಎಲ್ಲರೂ ಬಳಸಬಹುದಾದ ಉತ್ತರ ದೊರೆಯಲು ಇಪ್ಪತ್ತಾರು ವರ್ಷ ಬೇಕಾಯಿತು.

ಕಥೆ ತೊಡಗುವುದು 1969ನೆಯ ಅಕ್ಟೋಬರ್ 29ರ ರಾತ್ರಿ. ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿಯು, ಸುಮಾರು 350 ಮೈಲು ದೂರದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಯಂತ್ರವನ್ನು ಪ್ರವೇಶಿಸಲು 'ಲಾಗಿನ್' ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಒತ್ತಿದನು. ಮೊದಲೆರಡು ಅಕ್ಷರಗಳು ತಲುಪಿದವು. ಮೂರನೆಯದಕ್ಕೆ ಆ ಕಡೆಯ ವ್ಯವಸ್ಥೆ ಕುಸಿಯಿತು. ಸುಮಾರು ಒಂದು ಗಂಟೆಯ ಬಳಿಕ ಅದನ್ನು ಸರಿಪಡಿಸಿ ಪ್ರವೇಶ ಪಡೆದರು. ಅರ್ಪಾನೆಟ್ ಎಂಬ ಆ ಜಾಲದ ಮೊದಲ ಸಂದೇಶವೇ ಹೀಗೆ ದೂರದ ಯಂತ್ರದ ಬಾಗಿಲು ತಟ್ಟುವ ಪ್ರಯತ್ನವಾಗಿತ್ತೆಂಬುದು ಗಮನಾರ್ಹ.

ಈ ಕೆಲಸಕ್ಕಾಗಿ ರೂಪುಗೊಂಡ ಪದ್ಧತಿಗೆ ಟೆಲ್ನೆಟ್ ಎಂದು ಹೆಸರು. ನಮ್ಮ ಕಡೆಯ ಯಂತ್ರದಲ್ಲಿದ್ದು ನಮ್ಮ ಪರವಾಗಿ ದೂರದ ಯಂತ್ರದೊಡನೆ ಮಾತನಾಡುವ ಪ್ರೋಗ್ರಾಮಿಗೆ ಕ್ಲೈಂಟ್ ಎನ್ನುವರು. ನಾವು ಅದನ್ನು ದೂತನೆಂದು ಭಾವಿಸೋಣ. ಇದನ್ನು ಬರೆಯುವವನು ಎರಡು ಸಂಗತಿಗಳನ್ನು ಮೊದಲೇ ಕಲಿಯಬೇಕು. ದೂತನು ಕೀಲಿಮಣೆಗೂ ತಂತಿಗೂ ಏಕಕಾಲದಲ್ಲಿ ಕಿವಿಗೊಡಬೇಕು. ಒಂದು ಬಾಗಿಲಲ್ಲೇ ಕಾದು ನಿಂತರೆ ಇನ್ನೊಂದು ಬಾಗಿಲಿಗೆ ಬಂದವರು ಕಾಯುತ್ತಲೇ ಇರಬೇಕಾಗುತ್ತದೆ. ಎರಡನೆಯದಾಗಿ, ಒತ್ತಿದ ಅಕ್ಷರವನ್ನು ದೂತನು ತಾನಾಗಿ ತೆರೆಯ ಮೇಲೆ ಬರೆಯದೆ ದೂರಕ್ಕೆ ಕಳುಹಿಸುವುದೇ ಸಾಮಾನ್ಯ ರೂಢಿ. ಅಲ್ಲಿಂದ ಮರಳಿ ಬಂದ ಮೇಲೆಯೇ ಅದು ನಮಗೆ ಕಾಣುತ್ತದೆ. ಸಂಪರ್ಕ ನಿಧಾನವಾದಾಗ ಅಕ್ಷರಗಳು ತಡವಾಗಿ ಮೂಡುವುದು ಇದರಿಂದಲೇ.

ಕನ್ನಡನಾಡಿಗೆ ಈ ವಿದ್ಯೆ ಬಂದುದು 1980ರ ದಶಕದಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆ 1985ರಲ್ಲಿ ಬೆಂಗಳೂರಿನಲ್ಲಿ ಶಾಖೆಯನ್ನು ತೆರೆದು, ತನ್ನದೇ ಉಪಗ್ರಹ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಅದರ ಸಲಕರಣೆಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂದು ಆ ಸಂಸ್ಥೆಯವರೇ ಹೇಳಿಕೊಳ್ಳುವರು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ನೆರವಿನಿಂದ, ವಿದ್ಯಾಸಂಸ್ಥೆಗಳನ್ನು ಹೆಣೆಯುವ ಎರ್ನೆಟ್ ಯೋಜನೆಯನ್ನು ಕೈಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಸದಸ್ಯರಲ್ಲೊಂದು. 1995ನೆಯ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೂ ಇಂಟರ್ನೆಟ್ಟನ್ನು ತೆರೆಯಿತು. ಅದರ ಅಗ್ಗದ ಚಂದಾದಾರರು ಟೆಲಿಫೋನಿನ ಮೂಲಕ ನಿಗಮದ ಯಂತ್ರವನ್ನು ಪ್ರವೇಶಿಸಿ, ಬರಿಯ ಅಕ್ಷರಗಳ ತೆರೆಯಲ್ಲಿ ಅಂಚೆಯನ್ನು ಓದುತ್ತಿದ್ದರು.

ಇಷ್ಟೆಲ್ಲ ಬೆಳೆದರೂ ಒಂದು ದೊಡ್ಡ ಕೊರತೆ ಹಾಗೆಯೇ ಉಳಿದಿತ್ತು. ಟೆಲ್ನೆಟ್ಟಿನಲ್ಲಿ ಗುಪ್ತಪದವು ಸಾಮಾನ್ಯವಾಗಿ ಅಂಚೆ ಕಾರ್ಡಿನ ಬರೆಹದಂತೆ ಬಯಲಾಗಿ ಸಾಗುತ್ತಿತ್ತು. ದಾರಿಯಲ್ಲಿ ಹೊಂಚುಹಾಕಿದವನು ಅದನ್ನು ಓದಿಕೊಂಡು ಒಡೆಯನಂತೆಯೇ ಒಳಹೊಗಬಹುದಾಗಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹ ಕಳವು ನಡೆಯಿತು. ಅಲ್ಲಿಯ ಸಂಶೋಧಕ ತಾತು ಯುಲೊನೆನ್ 1995ರ ಜುಲೈ ತಿಂಗಳಲ್ಲಿ 'ಸೆಕ್ಯೂರ್ ಶೆಲ್' ಎಂಬ ಹೊಸ ಪದ್ಧತಿಯನ್ನು ರಚಿಸಿ ಜಗತ್ತಿಗೆ ಉಚಿತವಾಗಿ ಹಂಚಿದರು. ಎಸ್.ಎಸ್.ಎಚ್. ಎಂಬುದು ಅದರ ಹ್ರಸ್ವನಾಮ. ವರ್ಷದ ಕೊನೆಯ ಹೊತ್ತಿಗೆ ಐವತ್ತು ದೇಶಗಳ ಸುಮಾರು 20,000 ಜನ ಅದನ್ನು ಬಳಸುತ್ತಿದ್ದರು.

ಇದರ ಮರ್ಮವನ್ನು ತಿಳಿಯಲು ರಾಮಾಯಣಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ. ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತೆ ಮೊದಲು ಅವನನ್ನು ನಂಬಲಿಲ್ಲ. ಸಂನ್ಯಾಸಿಯ ವೇಷದಲ್ಲಿ ಬಂದ ರಾವಣನಿಂದ ಒಮ್ಮೆ ಮೋಸಹೋದವಳು ಅವಳು. ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆ ನಂಬಿಕೆ ಬಲಿಯಿತು. ಹನುಮಂತನೂ ಬರಿಗೈಯಲ್ಲಿ ಹಿಂದಿರುಗದೆ ಚೂಡಾಮಣಿಯನ್ನು ತಂದು ರಾಮನಿಗೊಪ್ಪಿಸಿದನು. ಎರಡು ಕಡೆಯವರಿಗೂ ಗುರುತು ದೊರೆಯಿತು.

ಹೊಸ ದೂತನು ಮಾಡುವುದೂ ಇದನ್ನೇ; ಆದರೆ ಕ್ರಮ ಮಾತ್ರ ತಿರುಗುಮುರುಗು. ಮೊದಲು ಅವನು ಚೂಡಾಮಣಿಯನ್ನೇ ಕೇಳುತ್ತಾನೆ. ಏಕೆಂದರೆ ವೇಷಧಾರಿಯ ಮುಂದೆ ಗುಪ್ತಪದವನ್ನು ಹೇಳಿಬಿಟ್ಟರೆ ಕೆಲಸ ಕೆಟ್ಟಿತು. ಇಬ್ಬರು ಸಂತೆಯ ನಡುವೆ ಕೂಗಿ ಮಾತನಾಡಿಕೊಂಡೇ ತಮ್ಮಿಬ್ಬರಿಗಷ್ಟೇ ತಿಳಿಯುವ ಗುಟ್ಟೊಂದನ್ನು ಕಟ್ಟಿಕೊಳ್ಳುವ ಗಣಿತವನ್ನು ಡಿಫಿ ಮತ್ತು ಹೆಲ್ಮನ್ ಎಂಬವರು 1976ರಲ್ಲಿ ಪ್ರಕಟಿಸಿದ್ದರು. ಅದರಂತೆ ಗುಟ್ಟು ಕೂಡಿಸಿಕೊಳ್ಳುವಾಗಲೇ ದೂರದ ಯಂತ್ರವು ತನ್ನ ಮುದ್ರೆಯೊತ್ತಿ ತೋರಿಸಬೇಕು. ದೂತನು ಆ ಮುದ್ರೆಯನ್ನು ತನ್ನ ಕಡತದಲ್ಲಿರುವುದರೊಡನೆ ಹೋಲಿಸುತ್ತಾನೆ. ಅಲ್ಲಿಂದಾಚೆ ಮಾತೆಲ್ಲವೂ ಗೂಢಲಿಪಿಯಲ್ಲಿ. ಆಮೇಲೆ ಇವನ ಸರದಿ: ಗುಪ್ತಪದವನ್ನೋ ತನ್ನ ಮುದ್ರೆಯನ್ನೋ ಒಪ್ಪಿಸಬೇಕು. ಇಲ್ಲಿ ಉಂಗುರವೇ ದೂರಕ್ಕೆ ಹೋಗುವುದಿಲ್ಲ. ಅದು ಮನೆಯಲ್ಲಿಯೇ ಉಳಿದು, ಅದರ ಅಚ್ಚು ಮಾತ್ರ ಪ್ರತಿ ಸಲವೂ ಹೊಸದಾಗಿ ಹೋಗುತ್ತದೆ. ಹಳೆಯ ಅಚ್ಚನ್ನು ಕದ್ದವನಿಗೆ ಅದರಿಂದ ಪ್ರಯೋಜನವಿಲ್ಲ.

ಉಂಗುರವೇ ಕಳವಾದರೆ ಗತಿಯೇನು? ಕೆಂಪುನಾರಾಯಣನ 'ಮುದ್ರಾಮಂಜೂಷ'ವನ್ನು (1823) ಬಲ್ಲವರಿಗೆ ಇದರ ಉತ್ತರ ಗೊತ್ತು. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿತು. ಅದರಿಂದ ಮುದ್ರಿತವಾದ ಒಂದು ಓಲೆ ರಾಕ್ಷಸನನ್ನು ಮಿತ್ರರಿಂದಲೇ ಅಗಲಿಸಿತು. ಆದುದರಿಂದಲೇ ಈ ಗುಪ್ತಕೀಲಿಯ ಕಡತಕ್ಕೂ ಮತ್ತೊಂದು ಗುಪ್ತವಾಕ್ಯದ ಬೀಗ ಹಾಕಬೇಕೆಂದು ಬಲ್ಲವರು ಹೇಳುವರು.

1999ರ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ ಬಳಗದವರು 'ಓಪನ್ ಎಸ್.ಎಸ್.ಎಚ್.' ಎಂಬ ಮುಕ್ತ ಆವೃತ್ತಿಯನ್ನು ಹೊರತಂದರು. ವಿಂಡೋಸ್ ಯಂತ್ರಗಳಿಗಾಗಿ ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಬರೆದ ಉಚಿತ ದೂತನ ಹೆಸರು 'ಪುಟ್ಟಿ'. ನಮ್ಮ ಮನೆಯ ಹುಡುಗಿಯನ್ನು ಕರೆದಂತಿರುವ ಈ ಹೆಸರು ನಮ್ಮ ತರುಣರಿಗೆ ಚಿರಪರಿಚಿತ.

ವಾಚಕರ ಮನೆಯಲ್ಲಿ ಇಂತಹ ಉದ್ಯೋಗದ ಮಕ್ಕಳಿದ್ದರೆ ಒಂದು ಮಾತನ್ನು ವಿಚಾರಿಸಿ ನೋಡಿ. ಹೊಸ ಯಂತ್ರವನ್ನು ಮೊದಲ ಸಲ ಸಂಪರ್ಕಿಸಿದಾಗ ಹೋಲಿಸಲು ದೂತನ ಕಡತದಲ್ಲಿ ಏನೂ ಇರುವುದಿಲ್ಲ. ಆಗ ಅವನು ಒಂದು ಉದ್ದನೆಯ ಗುರುತನ್ನು ತೋರಿಸಿ, 'ಇವರನ್ನು ನಂಬಲೇ?' ಎಂದು ಒಡೆಯನನ್ನೇ ಕೇಳುತ್ತಾನೆ. ಓದದೆಯೇ 'ಹೌದು' ಎನ್ನುವವರೇ ಹೆಚ್ಚು. ಆ ಒಂದು ಕ್ಷಣದಲ್ಲಿ ಗಣಿತವೆಲ್ಲ ಕೈಕಟ್ಟಿ ನಿಂತು ನಿರ್ಣಯವನ್ನು ಮನುಷ್ಯನಿಗೆ ಬಿಡುತ್ತದೆ. ಆಸ್ಪತ್ರೆಯ ದಾಖಲೆಯೋ ಬ್ಯಾಂಕಿನ ಲೆಕ್ಕವೋ ಆ ಬಾಗಿಲ ಹಿಂದಿರಬಹುದು. ಆ ಯಂತ್ರವನ್ನು ನೋಡಿಕೊಳ್ಳುವವರಿಗೆ ಟೆಲಿಫೋನ್ ಮಾಡಿ ಗುರುತನ್ನು ತಾಳೆ ನೋಡುವುದಕ್ಕೆ ಎರಡು ನಿಮಿಷ ಸಾಕು. ಮುಂದೆ ಎಂದಾದರೂ 'ಗುರುತು ಬದಲಾಗಿದೆ' ಎಂದು ದೂತನು ಎಚ್ಚರಿಸಿದರಂತೂ, ಕಾರಣ ತಿಳಿಯುವವರೆಗೆ ಕೆಲಸವನ್ನು ನಿಲ್ಲಿಸುವುದೇ ಲೇಸು.