ಗಾದೆ, ಹಾಡು, ಬಂಡಿ: ಸ್ಪೇನಿನ ಬರೋಕ್ ರಂಗಭೂಮಿಯ ಜಾನಪದ ನೆಲೆಗಳು

ಬರೋಕ್ ಯುಗದ ಯುರೋಪಿನ ಸಾಹಿತ್ಯವೆಂದರೆ ಅರಮನೆಯ ವೈಭವ ಮತ್ತು ಪಾಂಡಿತ್ಯಪ್ರದರ್ಶನದ ಸಾಹಿತ್ಯವೆಂಬ ಗ್ರಹಿಕೆ ಬಲವಾಗಿ ಬೇರೂರಿದೆ. ಹದಿನೇಳನೆಯ ಶತಮಾನದ ಸ್ಪೇನಿನ ನಾಟಕಗಳ ಮಟ್ಟಿಗೆ ಇದು ಅರ್ಧಸತ್ಯ. ಅರಮನೆಗೂ ಮೊದಲು ಅಲ್ಲಿ ಅಂಗಳವಿತ್ತು.

ಮನೆಗಳ ನಡುವಣ ತೆರೆದ ಅಂಗಳವೇ 'ಕೊರಾಲ್' ಎಂಬ ರಂಗಮಂದಿರವಾಯಿತು. ಮ್ಯಾಡ್ರಿಡ್ಡಿನಲ್ಲಿ 1579ರಲ್ಲಿ ಕ್ರೂಸ್, 1583ರಲ್ಲಿ ಪ್ರಿನ್ಸಿಪೆ ಕೊರಾಲ್‌ಗಳು ಆರಂಭವಾದವು. ಹಗಲ ಬೆಳಕಿನಲ್ಲೇ ಪ್ರದರ್ಶನ. ನೆಲದಲ್ಲಿ ನಿಂತು ನೋಡುವ ಗಂಡಸರು, ಹೆಂಗಸರಿಗೆ ಪ್ರತ್ಯೇಕ ಅಟ್ಟ. ಸಂಪಾದನೆಯ ಒಂದು ಪಾಲು ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಆಸ್ಪತ್ರೆಗಳಿಗೆ ಸಲ್ಲುತ್ತಿತ್ತು. ನಾಟಕವನ್ನು ಪಾಪವೆಂದು ಖಂಡಿಸಿದವರಿಗೆ ಈ ವ್ಯವಸ್ಥೆ ತೊಡಕಾಗಿದ್ದಿರಬೇಕು. ಹಣ ತೆರುವ ಜನರ ಅಭಿರುಚಿಗಾಗಿಯೇ ತಾನು ಬರೆಯುವೆನೆಂದು ಲೋಪೆ ದೆ ವೇಗಾ (1562-1635) 1609ರಲ್ಲಿ ವಿದ್ವಾಂಸರೆದುರೇ ಸಾರಿದನು.

1476ರಲ್ಲಿ ಕೊರ್ದೊಬಾ ಸೀಮೆಯ ಫುಯೆಂತೆ ಒವೆಹುನಾ ಗ್ರಾಮದವರು ದಬ್ಬಾಳಿಕೆ ನಡೆಸುತ್ತಿದ್ದ ಅಧಿಕಾರಿಯನ್ನು ಕೊಂದರು. ಕೊಂದವರಾರೆಂದು ಚಿತ್ರಹಿಂಸೆ ನೀಡಿ ಕೇಳಿದಾಗ ಎಲ್ಲರೂ ಊರಿನ ಹೆಸರನ್ನಷ್ಟೇ ಹೇಳಿದರು. ಈ ಉತ್ತರ ಗಾದೆಯಾಯಿತು. ಕೊವರ್ರುಬಿಯಾಸನ 1611ರ ನಿಘಂಟಿನಲ್ಲಿಯೂ ದಾಖಲಾಯಿತು. 1619ರಲ್ಲಿ ಅಚ್ಚಾದ ಲೋಪೆಯ ನಾಟಕಕ್ಕೆ 1572ರ ಒಂದು ಲಿಖಿತ ಚರಿತ್ರೆಯೂ ಆಕರವಾಗಿತ್ತು, ನಿಜ. ಆದರೆ ಆ ಗ್ರಂಥವು ದಂಗೆಕೋರರನ್ನು ಗುಂಪಾಗಿ ಕಂಡರೆ, ಲೋಪೆಯು ಅವರಿಗೆ ಮುಖ, ಮಾತುಗಳನ್ನು ಕೊಟ್ಟನು. ಕೊನೆಗೆ ರಾಜದಂಪತಿಗಳ ಕ್ಷಮಾದಾನದಿಂದ ಪ್ರಭುತ್ವವೂ ನಿರಾಳವಾಗುತ್ತದೆ; ಅಂಗಳದಲ್ಲಿ ನಿಂತವರ ಕಿವಿಯಲ್ಲಿ ಉಳಿಯುವುದು ಮಾತ್ರ ಊರಿನ ಹೆಸರು.

'ಒಲ್ಮೆದೊದ ಅಶ್ವಾರೋಹಿ' ನಾಟಕದ ಸಂದರ್ಭ ಇನ್ನೂ ಸೂಕ್ಷ್ಮವಾದುದು. ಇರುಳಿನಲ್ಲಿ ಹತನಾದ ವೀರನನ್ನು ಕುರಿತ ಜನಪ್ರಿಯ ಹಾಡೊಂದು ಇದರ ಬೀಜ. ಮೂರನೆಯ ಅಂಕದಲ್ಲಿ ಕತ್ತಲ ದಾರಿಯಲ್ಲಿ ರೈತನೊಬ್ಬ ಅದೇ ಹಾಡನ್ನು ಹಾಡುತ್ತಾನೆ. ನಾಯಕ ತನ್ನ ಸಾವಿನ ಹಾಡನ್ನು ಸಾಯುವ ಮುನ್ನವೇ ಕೇಳಿಸಿಕೊಳ್ಳುತ್ತಾನೆ. ಪ್ರೇಕ್ಷಕರಿಗೆ ಹಾಡು ಮೊದಲೇ ಗೊತ್ತು. ಮೌಖಿಕ ಪರಂಪರೆಯ ಈ ಪೂರ್ವಜ್ಞಾನವಿಲ್ಲದೆ ಆ ದೃಶ್ಯದ ಭಯ ಪೂರ್ಣವಾಗಲಾರದು.

ಕೊರಾಲ್‌ನ ಆಚೆ ಬೀದಿಯೂ ರಂಗವಾಗಿತ್ತು. ಕೋರ್ಪಸ್ ಕ್ರಿಸ್ತಿ ಹಬ್ಬದಂದು ಅಲಂಕೃತ ಬಂಡಿಗಳ ಮೇಲೆ 'ಔತೊ ಸಾಕ್ರಮೆಂತಾಲ್' ಎಂಬ ಧಾರ್ಮಿಕ ರೂಪಕಗಳು ನಡೆಯುತ್ತಿದ್ದವು. 1651ರಲ್ಲಿ ಪಾದ್ರಿಯಾದ ಕಾಲ್ದೆರೋನ್ (1600-1681) ಮ್ಯಾಡ್ರಿಡ್ ನಗರಕ್ಕಾಗಿ ಇವನ್ನು ವರ್ಷವರ್ಷವೂ ರಚಿಸಿದನು. ಪಾಪ, ಕೃಪೆ, ಲೋಕಗಳೇ ಇಲ್ಲಿ ಪಾತ್ರಗಳು. ಗಹನವಾದ ದೇವತಾಶಾಸ್ತ್ರವು ಬೀದಿಯ ಜನರಿಗೆ ಕಣ್ಣಿಗೆ ಕಾಣುವ ಆಟವಾಯಿತು. ಅದೇ ಮುಂದೆ ಅಪರಾಧವೆನಿಸಿತು. ಪವಿತ್ರವನ್ನು ಲೌಕಿಕದೊಡನೆ ಬೆರೆಸುತ್ತವೆಂದು ಹದಿನೆಂಟನೆಯ ಶತಮಾನದ ಸುಧಾರಣಾವಾದಿಗಳು ಆಕ್ಷೇಪಿಸಿದರು. 1765ರಲ್ಲಿ ಮೂರನೆಯ ಕಾರ್ಲೋಸನ ಆಳ್ವಿಕೆಯಲ್ಲಿ ರಾಜಾಜ್ಞೆಯಿಂದ ನಿಷೇಧವಾಯಿತು. ಆಚರಣೆಯೊಂದನ್ನು ಅಭಿರುಚಿಯ ಅಳತೆಗೋಲಿನಿಂದ ಅಳೆದುದರ ಫಲವಿದು.

1628ರ ಸುಮಾರಿನ ಅಲ್ಮಾಗ್ರೊ ಕೊರಾಲ್ 1950ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದು, ಈಗಲೂ ನಾಟಕಗಳನ್ನು ಕಾಣುತ್ತಿದೆ. ಬಂಡಿಗಳಿಗೆ ಆ ಭಾಗ್ಯವಿರಲಿಲ್ಲ. ಯಾವ ಬಂಡಿಯಲ್ಲಿ ಏನು ತೆರೆದುಕೊಳ್ಳಬೇಕು, ಯಾವ ಆಕೃತಿ ಮೇಲೇರಬೇಕು ಎಂದು ಕಾಲ್ದೆರೋನ್ ಬರೆದುಕೊಟ್ಟ ಸೂಚನಾಪತ್ರಗಳು ಮಾತ್ರ ಉಳಿದುಬಂದಿವೆ.