ಕಾರಿನ ಹವಾನಿಯಂತ್ರಕದ ಮುಗ್ಗಲು ವಾಸನೆ

ಕಾರಿನ ಹವಾನಿಯಂತ್ರಕದ ಮುಗ್ಗಲು ವಾಸನೆ ಎಂಬುದು ವಾಹನದ ಎ.ಸಿ.ಯನ್ನು ಚಾಲನೆಗೊಳಿಸಿದ ಮೊದಲ ಕೆಲವು ನಿಮಿಷಗಳಲ್ಲಿ ಗಾಳಿಕಿಂಡಿಗಳಿಂದ ಹೊರಸೂಸುವ, ಒಣಗದ ಬಟ್ಟೆಯನ್ನೋ ನೆನೆದ ಗೋಣಿಚೀಲವನ್ನೋ ನೆನಪಿಸುವ ದುರ್ವಾಸನೆ. ವ್ಯವಸ್ಥೆಯ ಒಳಭಾಗದಲ್ಲಿ ಉಳಿದ ತೇವದಲ್ಲಿ ಬೆಳೆಯುವ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಾಗಳು ಇದಕ್ಕೆ ಮುಖ್ಯ ಕಾರಣ. ಸುಗಂಧದ್ರವ್ಯಗಳಿಂದ ಇದನ್ನು ಮರೆಮಾಚಬಹುದೇ ಹೊರತು ನಿವಾರಿಸಲಾಗದು.

ಕಾರಣ

ಕಾರಿನ ಮುಂಭಾಗದ ಡ್ಯಾಶ್‌ಬೋರ್ಡಿನ ಒಳಗೆ ಇವ್ಯಾಪರೇಟರ್ ಎಂಬ ಬಿಡಿಭಾಗವಿರುತ್ತದೆ. ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ ಈ ಭಾಗದಲ್ಲಿ ಶೀತಕದ್ರವ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಹೀಗೆ ತಣ್ಣಗಾದ ರೆಕ್ಕೆಗಳ ನಡುವೆ ಗಾಳಿ ಹಾದುಹೋಗುವಾಗ ಅದರಲ್ಲಿರುವ ನೀರಾವಿ, ತಣ್ಣನೆಯ ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆಯೇ, ನೀರಾಗಿ ಮಾರ್ಪಡುತ್ತದೆ. ಈ ನೀರು ಕೆಳಗಿನ ತಟ್ಟೆಯಲ್ಲಿ ಸಂಗ್ರಹವಾಗಿ ಒಂದು ಸಣ್ಣ ಕೊಳವೆಯ ಮೂಲಕ ರಸ್ತೆಗೆ ತೊಟ್ಟಿಕ್ಕುತ್ತದೆ. ನಿಲ್ಲಿಸಿದ ಕಾರಿನ ಅಡಿಯಲ್ಲಿ ಕಾಣುವ ತಿಳಿನೀರು ಸಾಮಾನ್ಯವಾಗಿ ಇದೇ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಬೇಸಿಗೆಯಲ್ಲಿ ಎ.ಸಿ. ಬಳಸಿದರೂ ನೀರು ತೊಟ್ಟಿಕ್ಕದಿದ್ದರೆ ಕೊಳವೆ ಕಟ್ಟಿಕೊಂಡಿರುವ ಸಂಭವವುಂಟು.

ಎಂಜಿನ್ ನಿಲ್ಲಿಸಿದೊಡನೆ ಗಾಳಿಯ ಹರಿವೂ ನಿಲ್ಲುತ್ತದೆ. ಆದರೆ ರೆಕ್ಕೆಗಳು ಒದ್ದೆಯಾಗಿಯೇ ಇರುತ್ತವೆ. ಕತ್ತಲೆ, ತೇವ, ಕ್ರಮೇಣ ಏರುವ ಉಷ್ಣತೆ ಮತ್ತು ಗಾಳಿಯೊಡನೆ ಬಂದು ಅಂಟಿದ ಧೂಳು, ಪರಾಗ, ಎಲೆಚೂರುಗಳು ಒಟ್ಟುಗೂಡಿದಾಗ ಸೂಕ್ಷ್ಮಜೀವಿಗಳಿಗೆ ನೆಲೆ ಮತ್ತು ಆಹಾರ ಎರಡೂ ದೊರೆಯುತ್ತವೆ. ಅವು ರೆಕ್ಕೆಗಳ ಮೇಲೆ ಲೋಳೆಯಂತಹ ತೆಳುಪೊರೆ ಕಟ್ಟಿಕೊಳ್ಳುತ್ತವೆ. ಅವು ಹೊರಬಿಡುವ ಆವಿಶೀಲ ಸಂಯುಕ್ತಗಳೇ ಮೂಗಿಗೆ ವಾಸನೆಯಾಗಿ ತಲುಪುತ್ತವೆ. ಇಂತಹ ಸಂಯುಕ್ತಗಳಲ್ಲಿ ಜಿಯೋಸ್ಮಿನ್ ಒಂದು. ಮೊದಲ ಮಳೆಗೆ ನೆಲದಿಂದ ಏಳುವ ಮಣ್ಣಿನ ಕಂಪಿನಲ್ಲಿಯೂ ಇದೇ ಪದಾರ್ಥವಿದೆ ಎಂಬುದು ಕುತೂಹಲಕರ. ಹೊಲದಲ್ಲಿ ಹಿತವೆನಿಸುವುದು ಮುಚ್ಚಿದ ಕಾರಿನಲ್ಲಿ ಅಸಹನೀಯವಾಗುತ್ತದೆ.

ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಆರ್ದ್ರತೆ ಹೆಚ್ಚಿರುವುದರಿಂದ ಇವ್ಯಾಪರೇಟರ್ ತಾನಾಗಿ ಒಣಗುವುದು ನಿಧಾನ. ಒದ್ದೆ ಕೊಡೆ, ಕೆಸರು ಮೆತ್ತಿದ ಪಾದರಕ್ಷೆ, ನೆನೆದ ನೆಲಹಾಸುಗಳೂ ತಮ್ಮ ಪಾಲನ್ನು ಸೇರಿಸುತ್ತವೆ. ಬಯಲುಸೀಮೆಯಲ್ಲಿ ತೇವಕ್ಕಿಂತ ಧೂಳಿನ ಕಾಟ ಹೆಚ್ಚು. ಅಲ್ಲಿ ಗಾಳಿಯ ಸೋಸಕ ಬೇಗನೆ ಕಟ್ಟಿಕೊಳ್ಳುತ್ತದೆ.

ಆರೋಗ್ಯ

ವಾಸನೆ ಬಹುಮಂದಿಗೆ ಕೇವಲ ಕಿರಿಕಿರಿ. ಆದರೆ ಉಬ್ಬಸ ಅಥವಾ ಅಲರ್ಜಿ ಇರುವವರಲ್ಲಿ ಶಿಲೀಂಧ್ರದ ಬೀಜಕಣಗಳು ಸೀನು, ಕಣ್ಣುರಿ, ಕೆಮ್ಮು, ಉಸಿರಾಟದ ತೊಂದರೆಗಳನ್ನು ಕೆರಳಿಸಬಲ್ಲವು. ಕಾರಿನಲ್ಲಿ ಕುಳಿತಾಗ ಮಾತ್ರ ಮಗುವಿಗೆ ಕೆಮ್ಮು ಬರುತ್ತಿದ್ದರೆ ಔಷಧಿಯ ಜೊತೆಗೆ ಎ.ಸಿ.ಯ ಕಡೆಗೂ ಗಮನ ಹರಿಸುವುದು ಉಚಿತ.

ಇತರ ವಾಸನೆಗಳು

ಎಲ್ಲ ವಾಸನೆಯೂ ಮುಗ್ಗಲಲ್ಲ. ಸಿಹಿಯಾದ ವಾಸನೆಯೊಡನೆ ಗಾಜಿನ ಒಳಮೈಯಲ್ಲಿ ಜಿಡ್ಡಾದ ಮಂಜು ಕಟ್ಟಿದರೆ ಎಂಜಿನ್ನಿನ ಕೂಲೆಂಟ್ ಸೋರುತ್ತಿರಬಹುದು. ಕೊಳೆತ ವಾಸನೆಗೆ ಗಾಳಿಮಾರ್ಗದಲ್ಲಿ ಸತ್ತ ಇಲಿ ಕಾರಣವಾಗಿರುವುದು ಅಪರೂಪವಲ್ಲ. ಪೆಟ್ರೋಲಿನ ಅಥವಾ ಹೊಗೆಯ ವಾಸನೆ ಬಂದರೆ ವಾಹನವನ್ನು ನಿಲ್ಲಿಸಿ ಹೊರಬಂದು ಪರೀಕ್ಷಿಸಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಸ್ವಂತ ವಾಸನೆಯಿಲ್ಲ, ಅದು ಪ್ರಾಣಾಂತಿಕ. ಎ.ಸಿ. ಹಾಕಿ, ಕಿಟಕಿ ಮುಚ್ಚಿ, ಎಂಜಿನ್ ಚಾಲೂ ಇಟ್ಟು ನಿಂತ ಕಾರಿನಲ್ಲಿ ಮಲಗುವ ಅಭ್ಯಾಸ ಅಪಾಯಕಾರಿ ಎನ್ನುವುದು ಇದರಿಂದಲೇ.

ನಿವಾರಣೆ

ಮೊದಲು ನೋಡಬೇಕಾದದ್ದು ಕ್ಯಾಬಿನ್ ಫಿಲ್ಟರ್ ಎಂಬ ಗಾಳಿ ಸೋಸಕ. ಬಹುತೇಕ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದೆ ಇದ್ದು, ಕೈಯಿಂದಲೇ ತೆಗೆಯಬಹುದು. ಕಾಗದದ ಸೋಸಕವನ್ನು ತೊಳೆದು ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ, ಹೊಸದನ್ನೇ ಹಾಕಬೇಕು. ಅನಂತರ ನೀರು ಹೋಗುವ ಕೊಳವೆಯನ್ನು ಪರೀಕ್ಷಿಸಬೇಕು. ಅದು ಕಟ್ಟಿಕೊಂಡಿದ್ದರೆ ನೀರು ಒಳಕ್ಕೆ ತಿರುಗಿ ಮುಂದಿನ ಪ್ರಯಾಣಿಕರ ಕಾಲಬಳಿಯ ನೆಲಹಾಸನ್ನು ನೆನೆಸುತ್ತದೆ. ಆಗ ನೆಲಹಾಸನ್ನು ಎತ್ತಿ ಬಿಸಿಲಿಗೆ ಒಣಗಿಸದೆ ಉಳಿದ ಯಾವ ಉಪಾಯವೂ ಫಲಿಸದು.

ಇಷ್ಟಕ್ಕೂ ವಾಸನೆ ಹೋಗದಿದ್ದರೆ ಇವ್ಯಾಪರೇಟರನ್ನೇ ಶುಚಿಗೊಳಿಸಬೇಕಾಗುತ್ತದೆ. ಇದಕ್ಕೆಂದೇ ದೊರೆಯುವ ನೊರೆರೂಪದ ದ್ರಾವಣವನ್ನು, ಎಂಜಿನ್ ಮತ್ತು ಫ್ಯಾನ್ ಎರಡನ್ನೂ ನಿಲ್ಲಿಸಿ, ಉದ್ದನೆಯ ನಳಿಕೆಯಿಂದ ರೆಕ್ಕೆಗಳ ಮೇಲೆ ಸಿಂಪಡಿಸಲಾಗುತ್ತದೆ. ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಬಿಟ್ಟರೆ ನೊರೆ ಕರಗಿ ಕೊಳೆಯೊಡನೆ ಕೊಳವೆಯಿಂದ ಹೊರಹೋಗುತ್ತದೆ. ಬಳಿಕ ಬಾಗಿಲುಗಳನ್ನು ತೆರೆದಿಟ್ಟು ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸಿ ಒಣಗಿಸಬೇಕು. ಡ್ಯಾಶ್‌ಬೋರ್ಡಿನ ಮೇಲಿನ ಗಾಳಿಕಿಂಡಿಗಳೊಳಗೆ ಸುಮ್ಮನೆ ಸಿಂಪಡಿಸಿದರೆ ದ್ರಾವಣ ರೆಕ್ಕೆಗಳನ್ನು ತಲುಪುವುದೇ ಇಲ್ಲ. ವಿದ್ಯುತ್ ಭಾಗಗಳು ಮಾತ್ರ ನೆನೆಯುತ್ತವೆ. ಮನೆಯ ನೆಲ ತೊಳೆಯುವ ಬ್ಲೀಚಿಂಗ್ ದ್ರಾವಣ ಸಲ್ಲದು: ಅದು ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ ಮತ್ತು ಅದರ ಆವಿ ಶ್ವಾಸಕೋಶಕ್ಕೆ ಹಾನಿಕರ. ಓಜೋನ್ ಯಂತ್ರಗಳನ್ನು ಬಳಸುವಾಗ ಕಾರಿನೊಳಗೆ ಯಾರೂ ಇರಬಾರದು, ಆಮೇಲೆ ಚೆನ್ನಾಗಿ ಗಾಳಿಯಾಡಿಸಬೇಕು. ಡ್ಯಾಶ್‌ಬೋರ್ಡ್ ಬಿಚ್ಚಿ ಇವ್ಯಾಪರೇಟರನ್ನು ಹೊರತೆಗೆಯುವುದು ಕೊನೆಯ ಮಾರ್ಗ. ಶೀತಕಾನಿಲವನ್ನು ಮೊದಲೇ ಉಪಕರಣದಿಂದ ಹಿಂಪಡೆಯಬೇಕಾದ್ದರಿಂದ ಅದು ತರಬೇತಿ ಪಡೆದವರ ಕೆಲಸ.

ತಡೆಗಟ್ಟುವಿಕೆ

ಗಮ್ಯಸ್ಥಾನ ತಲುಪುವ ಕೆಲವು ನಿಮಿಷ ಮೊದಲು ಎ.ಸಿ. ಗುಂಡಿಯನ್ನು ಮಾತ್ರ ಆರಿಸಿ, ಫ್ಯಾನನ್ನು ಓಡಲು ಬಿಟ್ಟು, ಹೊರಗಿನ ಗಾಳಿ ಒಳಬರುವಂತೆ ಮಾಡಿದರೆ ರೆಕ್ಕೆಗಳು ಬಹುಮಟ್ಟಿಗೆ ಒಣಗುತ್ತವೆ. ಖರ್ಚಿಲ್ಲದ ಈ ಅಭ್ಯಾಸವೇ ಎಲ್ಲ ದ್ರಾವಣಗಳಿಗಿಂತ ಪರಿಣಾಮಕಾರಿ. ಒಳಗಿನ ಗಾಳಿಯನ್ನೇ ಸದಾ ಮರುಬಳಸುವ ಗುಂಡಿಯನ್ನು ಧೂಳು-ಹೊಗೆಯ ರಸ್ತೆಗಳಿಗೆ ಮೀಸಲಿಡುವುದು ಲೇಸು. ಇತ್ತೀಚಿನ ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಸ್ವಲ್ಪ ಹೊತ್ತಿನ ಬಳಿಕ ಫ್ಯಾನ್ ತಾನಾಗಿಯೇ ಓಡಿ ಇವ್ಯಾಪರೇಟರನ್ನು ಒಣಗಿಸುವ ಏರ್ಪಾಡಿದೆ. ನಿಲ್ಲಿಸಿದ ಕಾರಿನಿಂದ ಕೇಳಿಬರುವ ಆ ಸದ್ದನ್ನು ದೋಷವೆಂದು ಭಾವಿಸಿ ದುರಸ್ತಿಗೆ ಒಯ್ಯುವವರೂ ಇದ್ದಾರೆ.